ಬಿಸ್ಕತ್ತಿಗೆ ಹಿಂದೆ ಬರುವ ನಾಯಿ ಇಂಪ್ರಿಂಟಿಂಗ್ ಅಲ್ಲ

ಜಯನಗರದ ನಿಮ್ಮ ಬೀದಿನಾಯಿ ಬಿಸ್ಕತ್ತಿನ ಆಸೆಗೆ ಬಸ್ ಸ್ಟಾಪ್ ತನಕ ಹಿಂದೆ ಬರುತ್ತದೆ, ಇದನ್ನು ಇಂಪ್ರಿಂಟಿಂಗ್‌ಗೆ ಉದಾಹರಣೆ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ಬೇಡ, ಮಾರ್ಕ್ಸ್ ಹೋಗುತ್ತದೆ.

ಇಂಪ್ರಿಂಟಿಂಗ್ ಅಂದರೆ ಹಕ್ಕಿಮರಿ ತಾನು ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿಯಂತೆ ಹಿಂಬಾಲಿಸುವುದು. ಇದು ಆಗುವುದು ಮರಿ ಮೊಟ್ಟೆಯೊಡೆದು ಬಂದ ಮೊದಲ ಕೆಲವು ಗಂಟೆಗಳಲ್ಲಿ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆಂಜ್ (1973ರಲ್ಲಿ ನೊಬೆಲ್ ಬಂತಲ್ಲ, ಅವರೇ) ಹೆಬ್ಬಾತಿನ ಮೊಟ್ಟೆಗಳಲ್ಲಿ ಅರ್ಧ ತಾಯಿಗೆ ಬಿಟ್ಟು, ಉಳಿದರ್ಧ ಇನ್‌ಕ್ಯುಬೇಟರ್‌ಗೆ ಇಟ್ಟರು. ಇನ್‌ಕ್ಯುಬೇಟರ್ ಮರಿಗಳು ಮೊದಲು ಕಂಡಿದ್ದು ಅವರನ್ನೇ. ಆಮೇಲೆ ಎಲ್ಲ ಮರಿಗಳನ್ನೂ ಒಂದೇ ಡಬ್ಬದಡಿ ಸೇರಿಸಿ ಬಿಟ್ಟರೆ, ಅರ್ಧ ತಾಯಿ ಕಡೆ ಓಡಿದವು, ಅರ್ಧ ಲೊರೆಂಜ್ ಕಡೆ! ತಿಂಡಿಯ ಲಂಚ ಏನೂ ಇರಲಿಲ್ಲ, ಗಮನಿಸಿ.

ನಿಮ್ಮ ನಾಯಿ ಆಗತಾನೇ ಹುಟ್ಟಿದ ಮರಿಯಲ್ಲ, ಬೆಳೆದದ್ದು; ಲಾಭ ನೋಡಿ ಕಲಿತಿದೆ. ಅದು ಆಪರೆಂಟ್ ಕಂಡೀಷನಿಂಗ್. ಬಿಸ್ಕತ್ತು ಪ್ಯಾಕೆಟ್ಟಿನ ಚರಚರ ಸದ್ದಿಗೇ ಜೊಲ್ಲು ಸುರಿಸಿದರೆ ಮಾತ್ರ ಅದು ರಷ್ಯಾದ ವಿಜ್ಞಾನಿ ಪಾವ್‌ಲೋವ್‌ನ ಕ್ಲಾಸಿಕಲ್ ಕಂಡೀಷನಿಂಗ್, ಅಂದರೆ ಸದ್ದನ್ನು ತಿಂಡಿಗೆ ಜೋಡಿಸಿಕೊಳ್ಳುವ ಕಲಿಕೆ. ಎರಡೂ ಒಟ್ಟಿಗೆ ಇರಬಹುದು.

ಬಿಸ್ಕತ್ತು ನಿಲ್ಲಿಸಿದರೆ ಹಿಂಬಾಲಿಸುವುದೂ ಮೆಲ್ಲಗೆ ಕಡಿಮೆಯಾಗಬಹುದು. ಅದಕ್ಕೆ ಎಕ್ಸ್‌ಟಿಂಕ್ಷನ್ ಅಂತಾರೆ. ಪರೀಕ್ಷೆಗೋಸ್ಕರ ಸುಮ್ನೆ ಹಾಗೆ ಮಾಡಬೇಡಿ, ಪಾಪ.