ಬೀಗ ಹಾಕಿದ ಪುಸ್ತಕ ನಿಷೇಧವಾಗಿದೆಯಾ?

ನಾಲ್ಕು ಜನ ಗಲಾಟೆ ಮಾಡಿದ್ದಕ್ಕೆ ಬಾಗಲಕೋಟೆ ಕಡೆಯ ನಿಮ್ಮೂರ ಗ್ರಂಥಾಲಯದಲ್ಲಿ ಕಾದಂಬರಿಯೊಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ಖಂಡಿತ ಸರಿಯಲ್ಲ. ಯಾರೋ ಬೇಡ ಅಂದರೆ ಪುಸ್ತಕ ನಿಷೇಧವಾಗುವುದಿಲ್ಲ. ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಬೇಕೆಂದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 98ನೇ ಕಲಂ ಪ್ರಕಾರ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಬೇಕು. ಅದನ್ನೂ ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಗ್ರಂಥಪಾಲಕರ ಜೊತೆ ಜಗಳ ಬೇಡ. ಒಬ್ಬರೇ ಒತ್ತಡ ತಡೆಯುವುದು ಅವರಿಗೂ ಕಷ್ಟ ಅಲ್ವಾ? ಪುಸ್ತಕ ಬೇಕು ಅಂತ ನಾಲ್ಕಾರು ಓದುಗರು ಸಹಿ ಹಾಕಿ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಆಗಲೂ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ಪುಸ್ತಕ ತೆಗೆದಿಟ್ಟ ಆದೇಶದ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಈ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು.