ಐರ್ಲೆಂಡಿನ ಬಯಲಲ್ಲಿ ಕೆತ್ತನೆಗಲ್ಲು ಹುಡುಕುವವರಿಗೆ

ಪ್ರಶ್ನೆ: ನಾವಿರುವುದು ಕಾರ್ಕ್ ನಗರದಲ್ಲಿ. ಪಕ್ಕದ ಕೆರಿ ಕೌಂಟಿಯಲ್ಲಿ ಪ್ರಾಚೀನ ಕೆತ್ತನೆಗಲ್ಲುಗಳು ಬೇಕಾದಷ್ಟಿವೆ, ಆದರೆ ದಾರಿ ತೋರಿಸುವ ಬೋರ್ಡೇ ಇರುವುದಿಲ್ಲ ಎನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಮನೆಯಲ್ಲೇ, ಕಂಪ್ಯೂಟರ್ ಮುಂದೆ. ಅಲ್ಲಿನ ನ್ಯಾಷನಲ್ ಮಾನ್ಯುಮೆಂಟ್ಸ್ ಸರ್ವಿಸ್‌ನ ‘ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ವ್ಯೂವರ್’ ಎಂಬ ನಕ್ಷೆ ಪುಕ್ಕಟೆ ಸಿಗುತ್ತದೆ. ದಾಖಲಾದ ಪ್ರತಿ ಸ್ಮಾರಕಕ್ಕೂ ಅದರಲ್ಲೊಂದು ಚುಕ್ಕೆ. ‘ರಾಕ್ ಆರ್ಟ್’ (ಬಂಡೆಯ ಮೇಲಿನ ಕೆತ್ತನೆ), ‘ಓಗಮ್ ಸ್ಟೋನ್’ (ಓಗಮ್ ಎಂಬ ಐರ್ಲೆಂಡಿನ ಹಳೆಯ ಗೀಟುಲಿಪಿ ಕೊರೆದ ಕಲ್ಲು) ಎಂಬ ಬಗೆಗಳನ್ನಷ್ಟೇ ಆರಿಸಿಕೊಳ್ಳಿ. ಹೊಸಬರು ಎಡವುವುದು ಇಲ್ಲಿ: ಎಷ್ಟೋ ಓಗಮ್ ಕಲ್ಲುಗಳನ್ನು ಹಿಂದೆಯೇ ಬೇರೆಡೆಗೆ ಸಾಗಿಸಿದ್ದಾರೆ, ಮೂಲ ಜಾಗದ ಚುಕ್ಕೆ ಮಾತ್ರ ಹಾಗೇ ಉಳಿದಿದೆ. ‘ಪ್ರೆಸೆಂಟ್ ಲೊಕೇಶನ್’ ಎಂದು ಬರೆದಿರುವ ದಾಖಲೆ ನೋಡದೆ ಹೊರಟರೆ ಖಾಲಿ ಹೊಲ ನೋಡಿ ವಾಪಸಾಗಬೇಕಾಗುತ್ತದೆ.

ಮೊದಲು ನಿಮ್ಮೂರಲ್ಲೇ, ಯೂನಿವರ್ಸಿಟಿ ಕಾಲೇಜ್ ಕಾರ್ಕ್‌ನ ‘ಸ್ಟೋನ್ ಕಾರಿಡಾರ್’ನಲ್ಲಿ ಕಣ್ಣು ಪಳಗಿಸಿಕೊಳ್ಳಿ, ಓಗಮ್ ಕಲ್ಲುಗಳ ಸಾಲೇ ಅಲ್ಲಿದೆ. ಆಮೇಲೆ ಕಿಲಾರ್ನಿ ಹತ್ತಿರದ ಡನ್‌ಲೋ: ಎಂಟು ಕಲ್ಲುಗಳು, ರಸ್ತೆ ಬದಿಯಲ್ಲೇ. ಐವೆರಾ ಪರ್ಯಾಯದ್ವೀಪದ ಡೆರಿನಬ್ಲಾಹಾದ ಬಂಡೆಗಳನ್ನು ಕಡೆಗೆ ಇಟ್ಟುಕೊಳ್ಳಿ. ಅದು ಜೌಗುನೆಲದ ಗುಡ್ಡ, ಮೊಣಕಾಲವರೆಗಿನ ಬೂಟು ಬೇಕು.

ಪ್ರಶ್ನೆ: ಜೂನ್‌ನಲ್ಲಿ ಒಂದು ಬಟ್ಟಲು-ಬಳೆ ಕೆತ್ತನೆಯ (ನಡುವೆ ಗುಳಿ, ಸುತ್ತ ವೃತ್ತ) ಬಂಡೆಯ ಹತ್ತಿರ ಹೋಗಿದ್ದೆವು. ಮಧ್ಯಾಹ್ನದ ಒಳ್ಳೆ ಬಿಸಿಲು. ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಕೆತ್ತನೆ ಸವೆದು ಹೋಗಿದೆಯೇ?

ಉತ್ತರ: ಕೆಡಿಸಿದ್ದೇ ಆ ಒಳ್ಳೆ ಬಿಸಿಲು. ಈ ಬಟ್ಟಲುಗಳ ಅಗಲ ಸಾಮಾನ್ಯವಾಗಿ 3ರಿಂದ 8 ಸೆಂ.ಮೀ., ಆಳ ಒಂದೆರಡು ಸೆಂ.ಮೀ. ಸುತ್ತಲಿನ ಬಳೆಗಳು ಇನ್ನೂ ತೆಳು. ನೆತ್ತಿಯ ಬೆಳಕಿಗೆ ಅಲ್ಲಿ ನೆರಳೇ ಬೀಳುವುದಿಲ್ಲ. ಬೆಳಕು ಕಲ್ಲಿನ ಮೈಗೆ 10–15 ಡಿಗ್ರಿಯಷ್ಟು ಓರೆಯಾಗಿ ಸವರಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ಅದು ಬೆಳಗಿನ ಜಾವ ಇಲ್ಲವೇ ಸಂಜೆ ಮಾತ್ರ. ಡಿಸೆಂಬರ್ ಕೊನೆಯಲ್ಲಾದರೆ ಕೆರಿಯಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ 15 ಡಿಗ್ರಿ ಮೇಲೇರುವುದಿಲ್ಲ. ಮೋಡವಿರದಿದ್ದರೆ ಇಡೀ ದಿನ ನಿಮ್ಮದೇ. ಬಂಡೆ ಮುಚ್ಚುವ ಬ್ರ್ಯಾಕನ್ ಜರಿಗಿಡವೂ ಆಗ ಒಣಗಿ ಮಲಗಿರುತ್ತದೆ.

ಮೋಡವಿದ್ದರೆ ಟಾರ್ಚ್. ಮುಸ್ಸಂಜೆಯಲ್ಲಿ ಅದನ್ನು ಕಲ್ಲಿನ ಮಟ್ಟಕ್ಕೇ ಇಳಿಸಿ, ಒಂದೆರಡು ಅಡಿ ದೂರದಿಂದ ಹಾಯಿಸಿ, ಕಲ್ಲಿನ ಸುತ್ತ ನಿಧಾನಕ್ಕೆ ತನ್ನಿ. ಒಂದೇ ಕಡೆ ಹಿಡಿದರೆ ಬೆಳಕಿನ ದಿಕ್ಕಿನಲ್ಲೇ ಹರಿಯುವ ಗೆರೆಗಳಿಗೆ ನೆರಳು ಬೀಳದೆ ಅವು ತಪ್ಪಿಹೋಗುತ್ತವೆ. ಮಳೆ ನಿಂತ ಮೇಲೆ ಹೋದರೂ ಲಾಭವೇ, ನೀರು ಬಟ್ಟಲುಗಳಲ್ಲಿ ನಿಂತಿರುತ್ತದೆ.

ಕಂಡದ್ದೆಲ್ಲ ಕೆತ್ತನೆಯಲ್ಲ, ನೆನಪಿರಲಿ. ಒಂದೇ ದಿಕ್ಕಿಗೆ ಸಾಲಾಗಿ ಓಡುವ ನೇರ ಗೀರುಗಳು ಹಿಮನದಿಯವು. ಅಂಚು ಅಂಕುಡೊಂಕಾಗಿ ಒಂದರೊಳಗೊಂದು ಕೂಡಿಕೊಂಡ ಗುಳಿಗಳು ಮಳೆನೀರಿನವು. ನಡುವೆ ಬಟ್ಟಲಿದ್ದು ಸುತ್ತ ಬಳೆ, ಬಳೆ ಸೀಳಿ ಹೊರಬರುವ ಕಾಲುವೆ ಕಂಡರೆ ಅನುಮಾನ ಬೇಡ: ನವಶಿಲಾಯುಗದ ಕೊನೆ, ಕಂಚಿನ ಯುಗದ ಆರಂಭದ ಕೈಕೆಲಸ.

ಪ್ರಶ್ನೆ: ನಮ್ಮಲ್ಲಿ ಶಾಸನಕ್ಕೆ ಒದ್ದೆ ಕಾಗದ ಬಡಿದು ಪಡಿಯಚ್ಚು ತೆಗೆಯುತ್ತಾರಲ್ಲ, ಓಗಮ್ ಕಲ್ಲಿಗೂ ಹಾಗೆ ಮಾಡಬಹುದೇ? ಓದುವುದು ಹೇಗೆ?

ಉತ್ತರ: ಅಚ್ಚು ಬೇಡ. ಸೀಮೆಸುಣ್ಣ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಕಲ್ಲುಹೂವು ಕಿತ್ತರೆ ಅದರೊಂದಿಗೆ ಕಲ್ಲಿನ ಮೈಯೂ ಪುಡಿಪುಡಿಯಾಗಿ ಬರುತ್ತದೆ, ಜತೆಗೆ ಈ ಕಲ್ಲುಗಳಿಗೆ ಕಾನೂನಿನ ರಕ್ಷಣೆಯಿದೆ. ಬದಲಿಗೆ ಮೊಬೈಲಿನಲ್ಲಿ ಸುತ್ತಲಿಂದ 60–80 ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಹಿಂದಿನದರ ಮೂರರಲ್ಲಿ ಎರಡು ಪಾಲು ಬಂದಿರಲಿ. ಇದಕ್ಕೆ ಮಾತ್ರ ಮೋಡದ ದಿನವೇ ವಾಸಿ, ನೆರಳು ಜರುಗಿದರೆ ಫೋಟೊಗಳನ್ನು ಜೋಡಿಸಿ ಮಾದರಿ ಕಟ್ಟುವ ತಂತ್ರಾಂಶಕ್ಕೆ ಗಲಿಬಿಲಿ. ಮೂರು ಆಯಾಮದ ಮಾದರಿ ಸಿದ್ಧವಾದ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಹಾಯಿಸಿ ನೋಡಬಹುದು. ಡಬ್ಲಿನ್ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡೀಸ್ ಅನೇಕ ಕಲ್ಲುಗಳ ಇಂಥ ಮಾದರಿಗಳನ್ನು ಅಂತರ್ಜಾಲದಲ್ಲಿಟ್ಟಿದೆ.

ಓದುವಾಗ ಕಲ್ಲಿನ ಮೈ ಬಿಟ್ಟು ಅಂಚನ್ನು ಹಿಡಿಯಿರಿ. ಸಾಮಾನ್ಯವಾಗಿ ಎಡ ಅಂಚಿನ ಬುಡದಿಂದ ಮೇಲಕ್ಕೆ, ಉದ್ದವಿದ್ದರೆ ನೆತ್ತಿ ದಾಟಿ ಬಲಕ್ಕೆ ಇಳಿಯುತ್ತದೆ. ಐದೈದರ ನಾಲ್ಕು ಗುಂಪು, ಒಟ್ಟು 20 ಅಕ್ಷರ: ಅಂಚಿನ ಬಲಕ್ಕೆ ಗೀಟು, ಎಡಕ್ಕೆ ಗೀಟು, ಅಡ್ಡಡ್ಡ ಓರೆಗೀಟು, ಅಂಚಿನ ಮೇಲೇ ಕಚ್ಚು. ಕಚ್ಚುಗಳು ಸ್ವರಗಳು: ಒಂದಾದರೆ ಅ, ಎರಡಾದರೆ ಒ, ಮೂರು ಉ, ನಾಲ್ಕು ಎ, ಐದು ಇ. ಹೆಚ್ಚಿನವು ‘ಇಂಥವನ ಮಗ ಇಂಥವನದು’ ಎನ್ನುವ ಬರಹಗಳಾದ್ದರಿಂದ ಮೊದಲು ‘ಮಗನ’ ಎಂಬರ್ಥದ ‘ಮಕ್ವಿ’ ಹುಡುಕಿ: ಒಂದು ಓರೆಗೀಟು, ಒಂದು ಕಚ್ಚು, ಎಡಕ್ಕೆ ಐದು ಗೀಟು, ಕೊನೆಗೆ ಐದು ಕಚ್ಚು. ಅಂಚು ಚಕ್ಕೆ ಎದ್ದಾಗ ಮೊದಲು ಹೋಗುವುದು ಸ್ವರಗಳೇ. ಮೂರರಲ್ಲೊಂದು ಕಚ್ಚು ಅಳಿದರೂ ‘ಉ’ ಹೋಗಿ ‘ಒ’ ಆಗುತ್ತದೆ.

ಪ್ರಶ್ನೆ: ಕಲ್ಲು ಖಾಸಗಿ ಹೊಲದಲ್ಲಿದ್ದರೆ? ದಾಖಲೆಯಲ್ಲಿಲ್ಲದ ಕೆತ್ತನೆ ಕಂಡರೆ?

ಉತ್ತರ: ನಕ್ಷೆಯಲ್ಲಿ ಚುಕ್ಕೆಯಿದೆ ಎಂದ ಮಾತ್ರಕ್ಕೆ ಒಳಹೋಗುವ ಹಕ್ಕಿಲ್ಲ. ಹತ್ತಿರದ ಮನೆಯಲ್ಲಿ ಕೇಳಿ, ಮುಚ್ಚಿದ್ದ ಗೇಟು ಮುಚ್ಚಿಯೇ ಬನ್ನಿ, ಹೋರಿ ಇದೆಯೇ ಎಂದು ವಿಚಾರಿಸಲು ಮರೆಯಬೇಡಿ. ಹೊಸ ಕೆತ್ತನೆ ಸಿಕ್ಕಿದರೆ ಹುಲ್ಲುಮಣ್ಣು ಕೆದಕದೆ, ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಜಿಪಿಎಸ್ ಅಂಕಿಗಳ ಜತೆ ನ್ಯಾಷನಲ್ ಮಾನ್ಯುಮೆಂಟ್ಸ್ ಸರ್ವಿಸ್‌ಗೆ ಕಳುಹಿಸಿ. ಹತ್ತಿರದ ಕಲ್ಲುಗೋಡೆಯಿಂದ ಎಷ್ಟು ಹೆಜ್ಜೆ ಎಂಬುದನ್ನೂ ಬರೆಯಿರಿ, ಜರಿಗಿಡ ಬೆಳೆದ ಮೇಲೆ ಬರುವವರಿಗೆ ಅದೇ ಗುರುತು.