ಗಾಳಿಯಲ್ಲಿ ಬರುವ ಸೀಸ, ಕೈಯಿಂದ ಬಾಯಿಗೆ

ಪ್ರಿಯ ಓದುಗರೇ,

ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಹಳೆಯ ಬ್ಯಾಟರಿಗಳನ್ನು ಕರಗಿಸಿ ಸೀಸ ತೆಗೆಯುವ ಕುಲುಮೆ ಇದೆ, ಬೆಳಗಿನ ಜಾವ ಹೊಗೆ ಹೆಚ್ಚು ಎಂದು ಬರೆದಿದ್ದೀರಿ. ಎರಡು ವರ್ಷದ ಮಗಳಿಗೂ ಏಳು ವರ್ಷದ ಮಗನಿಗೂ ಮಾಸ್ಕ್ ಹಾಕಿಸುತ್ತಿದ್ದೀರಿ. ಏರ್ ಪ್ಯೂರಿಫೈಯರ್ ಕೊಳ್ಳುವ, ಕೂದಲಿನ ಪರೀಕ್ಷೆ ಮಾಡಿಸುವ ಯೋಚನೆಯೂ ಇದೆ. ಇಷ್ಟು ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ನಿಮ್ಮ ಶ್ರಮ ಹೋಗಬೇಕಾದ ಕಡೆಯೂ ಬೇರೆ. ಮೊದಲು ಇಬ್ಬರ ರಕ್ತದಲ್ಲೂ ಸೀಸ ಎಷ್ಟಿದೆ ಎಂದು ನೋಡಿಸಿ, ಆಮೇಲೆ ಮನೆಯ ನೆಲ, ಅದಾದ ಮೇಲೆ ಯಂತ್ರ. ಕೂದಲಿನ ಪರೀಕ್ಷೆಯನ್ನು ಕೈಬಿಡಿ.

ಕುಲುಮೆಯ ಬಿಸಿಗೆ ಆವಿಯಾದ ಸೀಸ ತಣಿದಾಗ ಮಿಲಿಮೀಟರಿನ ಸಾವಿರದ ಒಂದು ಭಾಗ, ಅಂದರೆ ಒಂದು ಮೈಕ್ರಾನ್‌ಗಿಂತಲೂ ಸಣ್ಣ ಕಣವಾಗಿ ದೂರದವರೆಗೂ ತೇಲಿಹೋಗುತ್ತದೆ. ಬ್ಯಾಟರಿ ಒಡೆಯುವಾಗ, ಕಿಟ್ಟದ ರಾಶಿ ಎತ್ತುವಾಗ ಏಳುವ ದಪ್ಪ ಧೂಳು ಹತ್ತಿರದಲ್ಲೇ ಬೀಳುತ್ತದೆ. ಎರಡೂ ಕೊನೆಗೆ ಅಂಗಳದಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ನೆಲದಲ್ಲಿ ಕೂರುತ್ತವೆ. ಲೋಹ ಕೊಳೆಯುವುದಿಲ್ಲ. ಕುಲುಮೆ ಆರಿ ದಶಕಗಳಾದರೂ ಮೇಲ್ಮಣ್ಣಿನಲ್ಲಿ ಹಾಗೇ ಉಳಿದಿರುತ್ತದೆ. ಮಗಳು ನೆಲ ಮುಟ್ಟಿದ ಕೈಯನ್ನೇ ದಿನವಿಡೀ ಬಾಯಿಗೆ ಇಡುತ್ತಾಳೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ರಕ್ತ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಹೊಟ್ಟೆ ಖಾಲಿ ಇದ್ದರೆ, ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಅಮೆರಿಕದ ಎಲ್ ಪಾಸೊ ಊರಿನಲ್ಲಿ 1972ರಲ್ಲಿ ಸೀಸದ ಕುಲುಮೆಯಿಂದ 1.6 ಕಿಲೋಮೀಟರ್ ಒಳಗಿದ್ದ ಒಂದರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 40 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿದ ಸೀಸ ಸಿಕ್ಕಿತು. ಮೂಲ ಹುಡುಕಿದಾಗ ಗಾಳಿಯ ಜೊತೆಗೆ ಧೂಳೂ ಮಣ್ಣೂ ಕಂಡವು.

(ಎಲ್ಲ ಲೋಹಕ್ಕೂ ಈ ಮಾತು ಹೊಂದುವುದಿಲ್ಲ. ಉಕ್ಕಿನ ಮಿಶ್ರಲೋಹದ ಕಾರ್ಖಾನೆಗಳಿಂದ ಬರುವ ಮ್ಯಾಂಗನೀಸನ್ನು ತಿಂದರೆ ಯಕೃತ್ತು ಬಹುಪಾಲು ಹೊರಹಾಕುತ್ತದೆ, ಉಸಿರಾಡಿದರೆ ಆ ಕಾವಲು ತಪ್ಪಿಹೋಗುತ್ತದೆ. ಅಂಥ ಕಡೆ ಗಾಳಿಯೇ ಮುಖ್ಯ ಚಿಂತೆ.)

ಪರೀಕ್ಷೆಗೆ ರಕ್ತನಾಳದಿಂದಲೇ ರಕ್ತ ತೆಗೆಸಿ. ಬೆರಳು ಚುಚ್ಚಿ ತೆಗೆಯುವುದಾದರೆ ಮೊದಲು ಸೋಪು ಹಾಕಿ ಕೈ ಚೆನ್ನಾಗಿ ತೊಳೆಸಬೇಕು. ಬೆರಳಿಗೆ ಅಂಟಿದ ಧೂಳು ಆ ಒಂದು ಹನಿಗೆ ಬೆರೆತು ಅಂಕಿ ಸುಳ್ಳಾಗಿ ಏರುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಹಾಗೆ ಏರಿದ್ದು ಕಂಡರೆ ರಕ್ತನಾಳದ ಮಾದರಿಯಿಂದ ಖಚಿತಪಡಿಸಿಕೊಳ್ಳಿ. ಜೊತೆಗೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ವರದಿಯಲ್ಲಿ ‘ನಾರ್ಮಲ್’ ಎಂದು ಕಂಡ ಮಾತ್ರಕ್ಕೆ ಸಮಾಧಾನಪಡಬೇಡಿ, ಅಂಕಿಯನ್ನೇ ಕೇಳಿ ಪಡೆಯಿರಿ. ಕೆಲವು ವರದಿಗಳಲ್ಲಿ 10ರ (ಇಲ್ಲಿಯೂ ಮುಂದೆಯೂ ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕ) ಹಳೆಯ ಮಿತಿಯೇ ಅಚ್ಚಾಗಿರಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ, 5 ಮುಟ್ಟಿದರೆ ಮೂಲ ಹುಡುಕಿ ತಡೆಯಲೇಬೇಕು ಎಂದಿದೆ. ಇವು ‘ಇಲ್ಲಿಯವರೆಗೆ ಪರವಾಗಿಲ್ಲ’ ಎನ್ನುವ ಗೆರೆಗಳಲ್ಲ. ಮಕ್ಕಳಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟ ಯಾವುದೂ ಗೊತ್ತಾಗಿಲ್ಲ. ಲೋಹವನ್ನು ಹಿಡಿದು ಹೊರಹಾಕುವ ಕೀಲೇಶನ್ ಔಷಧಿಯ ಮಾತು ಸಾಮಾನ್ಯವಾಗಿ ಬರುವುದು 45 ದಾಟಿದಾಗ, ಅದೂ ತಜ್ಞರ ಕಣ್ಣೆದುರಿಗೆ ಮಾತ್ರ.

ಕೂದಲು ಬೇಡ ಎಂದದ್ದಕ್ಕೆ ಕಾರಣ, ಹೊರಗಿನಿಂದ ಅಂಟಿದ ಸೀಸಕ್ಕೂ ಒಳಗಿನಿಂದ ಬಂದ ಸೀಸಕ್ಕೂ ಅಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕೀಲೇಶನ್ ಔಷಧಿ ಕೊಟ್ಟು ಮೂತ್ರ ಹಿಡಿದು ‘ದೇಹದ ವಿಷ’ ಅಳೆಯುತ್ತೇವೆ ಎನ್ನುವವರನ್ನಂತೂ ದೂರವಿಡಿ. ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ.

ಇನ್ನು ನೆಲ. ಒಣ ಪೊರಕೆ ಆಡಿಸಬೇಡಿ, ಕೂತ ಧೂಳು ಮತ್ತೆ ಎದ್ದು ಮಗುವಿನ ಮೂಗಿನ ಮಟ್ಟದಲ್ಲೇ ತೇಲುತ್ತದೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ದಪ್ಪ ಕಸ ಹಿಡಿದು ಸಣ್ಣ ಕಣವನ್ನು ಹಿಂದಿನಿಂದ ಉಗುಳುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಡಿಟರ್ಜೆಂಟ್ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಕಿಟಕಿ ಕಟ್ಟೆಯಿಂದ ಶುರುಮಾಡಿ ನೆಲಕ್ಕೆ ಬನ್ನಿ, ಒಂದೊಂದು ಕೋಣೆಗೂ ನೀರು ಬದಲಿಸಿ. ಒಂದೇ ಬಕೆಟ್ಟಿನ ಕೊಳೆನೀರಿನಲ್ಲಿ ಇಡೀ ಮನೆ ಒರೆಸಿದರೆ ಸೀಸವನ್ನು ಕೋಣೆಯಿಂದ ಕೋಣೆಗೆ ಹಂಚಿದಂತೆ. ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಮಟ್ಟದಲ್ಲೇ ನಿಂತು ಹೊಗೆ ಮೇಲೇರಲು ಬಿಡುವುದಿಲ್ಲ, ನೀವು ಕಂಡದ್ದು ಅದನ್ನೇ. ಆ ಹೊತ್ತು ಕಿಟಕಿ ಮುಚ್ಚಿ, ಹೊಗೆ ಚದುರಿದ ಮೇಲೆ ತೆರೆಯಿರಿ, ಆಮೇಲೆ ಒರೆಸಿ. ಚಪ್ಪಲಿ ಬಾಗಿಲ ಹೊರಗೇ ಇರಲಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಕೈಗೆ ಸೋಪು ಬೇಕು. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆಯೇ ಹೊರತು ಲೋಹವನ್ನು ಕಳೆಯುವುದಿಲ್ಲ. ಅಂಗಳದಲ್ಲಿ ಬರಿಮಣ್ಣು ಇದ್ದರೆ ಹುಲ್ಲು ಬೆಳೆಸಿ ಇಲ್ಲವೇ ಜಲ್ಲಿ ಹಾಸಿ. ಮನೆಯವರು ಯಾರಾದರೂ ಆ ಘಟಕದಲ್ಲೇ ದುಡಿಯುತ್ತಿದ್ದರೆ ಸ್ನಾನ ಮತ್ತು ಬಟ್ಟೆ ಬದಲಾವಣೆ ಅಲ್ಲೇ ಆಗಬೇಕು. ಆ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ನೆನೆಯಲೇಬಾರದು.

ಪ್ಯೂರಿಫೈಯರ್ ಕೊಳ್ಳುವುದಾದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಕೊಳ್ಳಿ, ಓಝೋನ್ ಬಿಡುವಂಥದ್ದು ಬೇಡ. ಮಕ್ಕಳು ಮಲಗುವ ಕೋಣೆ 12 ಚದರ ಮೀಟರ್, ಎತ್ತರ 2.7 ಮೀಟರ್ ಎಂದಿಟ್ಟುಕೊಳ್ಳಿ: ಗಂಟೆಗೆ ಐದು ಸಲ ಗಾಳಿ ಶುದ್ಧವಾಗಲು ಯಂತ್ರದ ಶುದ್ಧಗಾಳಿ ಪ್ರಮಾಣ (CADR) ಗಂಟೆಗೆ ಸುಮಾರು 160 ಘನ ಮೀಟರ್ ಇರಬೇಕು. ಹಳೆಯ ಫಿಲ್ಟರನ್ನು ಕೊಡವಬೇಡಿ, ಚೀಲದಲ್ಲಿ ಕಟ್ಟಿ ಬಿಸಾಡಿ. ಎರಡು ವರ್ಷದ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಅದನ್ನು ಸರಿಪಡಿಸುತ್ತಾ ಕೈ ಇನ್ನಷ್ಟು ಬಾಯಿಯ ಬಳಿ ಹೋಗುತ್ತದೆ. ಮಗಳಿಗೆ ಅದು ಬೇಡ.

ಇದೆಲ್ಲವೂ ಮನೆಯೊಳಗಿನ ತಡೆ. ಮೂಲ ನಿಲ್ಲಬೇಕಾದದ್ದು ಘಟಕದಲ್ಲಿ, ಅದರ ಹೊಣೆ ತಾಯಿತಂದೆಯರ ಒರೆಸುವ ಬಟ್ಟೆಯ ಮೇಲೆ ಬೀಳುವುದು ಅನ್ಯಾಯ. ಅಮೆರಿಕದ ಐಡಾಹೊ ರಾಜ್ಯದ ಕೆಲಾಗ್‌ನಲ್ಲಿ 1973ರಲ್ಲಿ ಕುಲುಮೆಯ ಧೂಳು ಹಿಡಿಯುವ ಚೀಲಗಳು ಬೆಂಕಿಗೆ ಸುಟ್ಟರೂ ಉತ್ಪಾದನೆ ನಿಲ್ಲಲಿಲ್ಲ. ಮರುವರ್ಷ ಪರೀಕ್ಷಿಸಿದಾಗ ಹತ್ತಿರದ ಮನೆಗಳ ಬಹುತೇಕ ಎಲ್ಲ ಮಕ್ಕಳ ಸೀಸ 40 ದಾಟಿತ್ತು. ಹಾಗಾಗಿ ನೆರೆಯವರೊಂದಿಗೆ ಸೇರಿ ದೂರು ಕೊಡುವಾಗ ‘ಹೊಗೆ ಬರುತ್ತಿದೆ’ ಎಂದಷ್ಟೇ ಬರೆಯಬೇಡಿ. ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕು, ಹೊಗೆ ಚಿಮಣಿಯಿಂದಲೇ ಬಂತೋ ಶೆಡ್ಡಿನ ಬಾಗಿಲಿಂದಲೋ ಎಂಬುದನ್ನು ಬರೆಯಿರಿ. ಧೂಳು ಹಿಡಿಯುವ ಚೀಲಗಳ ಎರಡು ಬದಿಯ ಒತ್ತಡ ವ್ಯತ್ಯಾಸದ ದಾಖಲೆ ಕೇಳಿ. ಅದು ಹಠಾತ್ತನೆ ಕುಸಿದ ದಿನ ಚೀಲ ಹರಿದಿರುವ ಸಾಧ್ಯತೆ ಇದೆ. ಗಾಳಿಯಲ್ಲಿ ಸಣ್ಣ ಕಣ ಎಷ್ಟಿದೆ ಎಂದಷ್ಟೇ ಹೇಳುವ ಪಿಎಂ 2.5 ಅಂಕಿ ತೋರಿಸಿ ಕಳುಹಿಸಿದರೆ ಒಪ್ಪಬೇಡಿ. ಆ ಸೆನ್ಸರಿಗೆ ಕಣ ಕಾಣುತ್ತದೆ, ಸೀಸ ಕಾಣುವುದಿಲ್ಲ. ಗಾಳಿಯನ್ನು ಫಿಲ್ಟರಿನ ಮೂಲಕ ಹಾಯಿಸಿ, ಪ್ರಯೋಗಾಲಯದಲ್ಲಿ ಸೀಸ ಅಳೆದ ವರದಿ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ವಾರ್ಷಿಕ ಸರಾಸರಿ ಘನ ಮೀಟರಿಗೆ 0.5 ಮೈಕ್ರೋಗ್ರಾಂ. ಅಮೆರಿಕ 2008ರಲ್ಲಿ ತನ್ನ ಮಿತಿಯನ್ನು ಮೂರು ತಿಂಗಳ ಸರಾಸರಿಯಲ್ಲಿ 0.15ಕ್ಕೆ ಇಳಿಸಿದೆ. ಮಗನ ಶಾಲೆ ಗಾಳಿ ಬೀಸುವ ದಿಕ್ಕಿನಲ್ಲೇ ಇದ್ದರೆ ಅಲ್ಲಿನ ಧೂಳನ್ನೂ ಪರೀಕ್ಷಿಸಬೇಕೆಂದು ಕೇಳಿ.

ಮೊದಲ ಅಂಕಿ 3.5 ಮುಟ್ಟಿದ್ದರೆ ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ, ಹೆಚ್ಚಿದ್ದಷ್ಟೂ ಬೇಗ. ರಕ್ತದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಆದರೆ ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಮರಳುತ್ತಿರುತ್ತದೆ. ಹಾಗಾಗಿ ಇಳಿಕೆ ನಿಧಾನವಾದರೆ ಒರೆಸುವುದನ್ನು ಬಿಡಬೇಡಿ. ಇಳಿಯದೆ ಏರಿದರೆ ಮಾತ್ರ ಎಲ್ಲೋ ಇನ್ನೊಂದು ದಾರಿ ತೆರೆದಿದೆ ಎಂದು ಹುಡುಕಿ.

— ಸಂಪಾದಕರು